12,34,56,789 ಅನ್ನು ಒಡೆಯುವುದು ಹೇಗೆ?

1ರಿಂದ 9ರವರೆಗಿನ ಅಂಕಿಗಳನ್ನು ಸುಮ್ನೆ ಸಾಲಾಗಿ ಬರೆಯಿರಿ. 12,34,56,789. ಹನ್ನೆರಡು ಕೋಟಿ ದಾಟಿದ ಈ ಸಂಖ್ಯೆ ಯಾವ ಯಾವ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ? ಕಾಗದ, ಪೆನ್ನು ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಕಂಡುಹಿಡಿಯಬಹುದು.

ಮೊದಲು ಸುಲಭದ್ದು. ಕೊನೆಯ ಅಂಕಿ 9, ಹಾಗಾಗಿ 2 ಮತ್ತು 5 ಹೊರಗೆ. ಅಂಕಿಗಳನ್ನೆಲ್ಲ ಕೂಡಿಸಿ: 45. ಅದು 9ರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ಭಾಗವಾಗುತ್ತದೆ. (ಈ ಒಂಬತ್ತು ಅಂಕಿಗಳನ್ನು ಹೇಗೇ ಅದಲುಬದಲು ಮಾಡಿದರೂ ಮೊತ್ತ 45ನ್ನು ಬಿಟ್ಟು ಕದಲದು. ಹಾಗಾಗಿ ಇವನ್ನು ಜೋಡಿಸಿ ಅವಿಭಾಜ್ಯ ಸಂಖ್ಯೆ ಮಾಡಲು ಸಾಧ್ಯವೇ ಇಲ್ಲ.) ಭಾಗಿಸಿದರೆ ಸಿಗುವುದು 1,37,17,421. ಇದರ ಅಂಕಿಗಳ ಮೊತ್ತ 26. ಅಲ್ಲಿಗೆ 3ರ ಕಥೆ ಮುಗಿಯಿತು.

ಮುಂದೆ 7, 11, 13. ಮೂರನ್ನೂ ಒಂದೇ ಏಟಿಗೆ ನೋಡಬಹುದು, ಏಕೆಂದರೆ 7×11×13 = 1001. ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ, ಒಂದು ಬಿಟ್ಟು ಒಂದನ್ನು ಕಳೆಯಿರಿ: 421 − 717 + 13 = −283. ಚಿಹ್ನೆ ಬಿಡಿ. 283 ಈ ಮೂರರಲ್ಲಿ ಯಾವುದರಿಂದಲೂ ಭಾಗವಾಗದು. ಹಾಗಾಗಿ ನಮ್ಮ ಸಂಖ್ಯೆಯೂ ಆಗದು.

ಇಲ್ಲಿಂದ ಕಷ್ಟ ಶುರು. 17, 19, 23 ಅಂತ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋದರೆ ಹತ್ತಿರ ಹತ್ತಿರ 500 ಸಂಖ್ಯೆಗಳನ್ನು ದಾಟಬೇಕು. ಯಾರಿಗೆ ಬೇಕು ಆ ಕೂಲಿ! 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಪಿಯರ್ ದ ಫರ್ಮಾ ತೋರಿಸಿದ ದಾರಿ ಹಿಡಿಯೋಣ.

7×13 ನೋಡಿ. ಎರಡರ ನಡುವೆ ಇರುವುದು 10, ಅಲ್ಲಿಂದ ಆಚೆ ಈಚೆ 3 ಹೆಜ್ಜೆ. 10² − 3² = 91, ಸರಿಯಾಯ್ತಲ್ವಾ? ಎರಡು ಬೆಸ ಸಂಖ್ಯೆಗಳ ಯಾವ ಗುಣಲಬ್ಧವನ್ನಾದರೂ ಹೀಗೆ ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದು. ನಾವು ಹುಡುಕಬೇಕಾದ್ದು ಆ ನಡುವಿನ ಸಂಖ್ಯೆ.

1,37,17,421ರ ವರ್ಗಮೂಲ 3703ಕ್ಕಿಂತ ತುಸು ಹೆಚ್ಚು. ಹಾಗಾಗಿ 3704ರಿಂದ ಹೊರಡಿ. ಅದರ ವರ್ಗ 1,37,19,616. ನಮ್ಮ ಸಂಖ್ಯೆ ಕಳೆದರೆ 2195. 46ರ ವರ್ಗ 2116, 47ರದ್ದು 2209. ಇದು ನಡುವೆ ಸಿಕ್ಕಿಕೊಂಡಿತು, ಪೂರ್ಣ ವರ್ಗವಲ್ಲ.

ಒಂದು ಹೆಜ್ಜೆ ಮುಂದೆ, 3705. ವರ್ಗ 1,37,27,025. ಕಳೆದರೆ 9604. ಅದು 98ರ ವರ್ಗ! ಎರಡನೇ ಯತ್ನಕ್ಕೇ ಬೀಗ ತೆರೆಯಿತು. 3705 − 98 = 3607, 3705 + 98 = 3803.

ಇಷ್ಟು ಬೇಗ ಸಿಕ್ಕಿದ್ದಕ್ಕೆ ಕಾರಣ, ಎರಡೂ ಅಕ್ಕಪಕ್ಕದಂತೆ ಇವೆ, ಅಂತರ ಬರೀ 196. ದೂರ ದೂರ ಇದ್ದಿದ್ದರೆ ಇದೇ ಉಪಾಯ ನಮ್ಮನ್ನು ಸುಸ್ತು ಮಾಡುತ್ತಿತ್ತು.

ಇವೆರಡೂ ಅವಿಭಾಜ್ಯವೇ? ಇಲ್ಲಿ ಅಡ್ಡದಾರಿ ಇಲ್ಲ, ವರ್ಗಮೂಲದವರೆಗೆ ಭಾಗಿಸಿಯೇ ನೋಡಬೇಕು. 13ರವರೆಗೆ ಆಗಲೇ ಮುಗಿದಿದೆ. 3607ಕ್ಕೆ 17ರಿಂದ 59ರವರೆಗೆ, 3803ಕ್ಕೆ 61ರವರೆಗೆ. ಯಾವುದೂ ಶೇಷವಿಲ್ಲದೆ ಭಾಗಿಸುವುದಿಲ್ಲ. ಉತ್ತರ: 3² × 3607 × 3803.

ಒಟ್ಟು ಅಪವರ್ತನಗಳು ಎಷ್ಟು? ಪ್ರತಿ ಘಾತಕ್ಕೆ ಒಂದು ಕೂಡಿಸಿ ಗುಣಿಸಿ: 3×2×2 = 12. ಪುಟ್ಟ 60ಕ್ಕೂ ಅಷ್ಟೇ ಇವೆ.