7.5 ಕೆಜಿ ಎಂದು ಬರೆದಿದ್ದೆ, ತಕ್ಕಡಿ 9.7 ತೋರಿಸಿತು

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫೆಬ್ರವರಿ ತಿಂಗಳ ಒಂದು ಬೆಳಿಗ್ಗೆ. ದೋಣಿ ವಿನ್ಯಾಸದ ಓದಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನೇ ಮಾಡಿದ ಪ್ಯಾಡಲ್ ಬೋರ್ಡನ್ನು (ನೀರಿನ ಮೇಲೆ ನಿಂತು ಹುಟ್ಟು ಹಾಕುವ ಹಲಗೆ) ವರ್ಕ್‌ಶಾಪಿನ ತಕ್ಕಡಿ ಮೇಲೆ ಇಟ್ಟೆ. ಡ್ರಾಯಿಂಗ್‌ನಲ್ಲಿ ತೂಕ 7.5 ಕೆಜಿ ಎಂದು ಬರೆದಿದ್ದೆ. ತಕ್ಕಡಿ ತೋರಿಸಿದ್ದು 9.7. ನಮ್ಮ ಮೇಷ್ಟ್ರು ಬೈಯಲಿಲ್ಲ. "ಯಾವ ಹಂತದಲ್ಲಿ ಜಾಸ್ತಿ ಆಯಿತು?" ಎಂದಷ್ಟೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವರ್ಷದ ಓದಿನಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಆ ಒಂದು ಪ್ರಶ್ನೆ.

ನಮ್ಮದು ಮೂಲ್ಕಿ ಕಡೆ. ನನ್ನ ತಮ್ಮಲೆ, ಅಂದರೆ ಸೋದರಮಾವ, ಮೀನುಗಾರರಿಗೆ ಫೈಬರ್ ದೋಣಿ ಮಾಡಿಕೊಡುವವರು. ಶಾಲೆ ರಜೆ ಬಂದರೆ ನಾನು ಅವರ ಶೆಡ್‌ನಲ್ಲೇ ಇರುತ್ತಿದ್ದೆ. ಅಚ್ಚಿಗೆ ವ್ಯಾಕ್ಸ್ ತಿಕ್ಕುವುದು, ಗಾಜಿನ ನಾರಿನ ಮ್ಯಾಟ್ ಕತ್ತರಿಸುವುದು, ರೋಲರ್ ತೊಳೆಯುವುದು ನನ್ನ ಕೆಲಸ. 2016ರಲ್ಲಿ ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಅಲೆ ಸವಾರಿಯ ಸ್ಪರ್ಧೆ ನಡೆದಾಗ ನೋಡಲು ಹೋಗಿದ್ದೆ. ಅಲೆ ನಮ್ಮದು, ಕಡಲು ನಮ್ಮದು. ಬೋರ್ಡುಗಳು ಮಾತ್ರ ಎಲ್ಲೆಲ್ಲಿಂದಲೋ ಬಂದವು. ಇದನ್ನು ತಮ್ಮಲೆಯ ಶೆಡ್‌ನಲ್ಲಿ ಯಾಕೆ ಮಾಡಬಾರದು ಅನ್ನಿಸಿದ್ದು ಅಲ್ಲಿಯೇ.

ನಮ್ಮ ದೇಶದಲ್ಲಿ ಹಡಗು ವಿನ್ಯಾಸ ಓದಬೇಕೆಂದರೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯ ಇದೆ, ಮದ್ರಾಸ್ ಮತ್ತು ಖರಗ್‌ಪುರದ ಐಐಟಿಗಳಿವೆ, ವಿಶಾಖಪಟ್ಟಣದಲ್ಲಿ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಕ್ಯಾಂಪಸ್ ಇದೆ. ಒಳ್ಳೆಯ ಜಾಗಗಳೇ. ಆದರೆ ಅಲ್ಲಿ ಗಮನವೆಲ್ಲ ದೊಡ್ಡ ಹಡಗಿನ ಮೇಲೆ. ನನಗೆ ಬೇಕಿದ್ದದ್ದು ಒಬ್ಬರೋ ಇಬ್ಬರೋ ಏರುವ ಸಣ್ಣ ನೀರಾಟದ ದೋಣಿ, ಅದೂ ಕೈಯಿಂದ ಮಾಡಿ ಕಲಿಯುವುದು. ಹಾಗಾಗಿ ಇಂಗ್ಲೆಂಡಿನ ದಕ್ಷಿಣ ದಡಕ್ಕೆ ಹೋದೆ. ಅಲ್ಲಿ ಹಾಯಿದೋಣಿ, ಕಯಾಕ್, ಪವರ್ ಬೋಟ್ ಇವೇ ಒಂದು ದೊಡ್ಡ ಕಸುಬು. ಪ್ರತಿ ಸೆಪ್ಟೆಂಬರ್‌ನಲ್ಲಿ ಸೌತಾಂಪ್ಟನ್‌ನಲ್ಲಿ ದೋಣಿಗಳ ದೊಡ್ಡ ಪ್ರದರ್ಶನವೇ ನಡೆಯುತ್ತದೆ.

ಮೊದಲ ವರ್ಷ ಗಣಿತ, ಬಲವಿಜ್ಞಾನ, ಡ್ರಾಯಿಂಗ್. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಗಟ್ಟಿಯಾಗಿದ್ದರೆ ತೊಂದರೆಯಿಲ್ಲ. ದೋಣಿಯನ್ನು ಅಡ್ಡಡ್ಡ ಹೋಳು ಮಾಡಿ, ಒಂದೊಂದು ಹೋಳಿನ ವಿಸ್ತೀರ್ಣ ಅಳೆದು, ಸಿಂಪ್ಸನ್ ಸೂತ್ರದಿಂದ ಒಟ್ಟು ಗಾತ್ರ ತೆಗೆಯುವುದನ್ನು ಕೈಯಲ್ಲೇ ಮಾಡಿಸಿದರು. ಕಂಪ್ಯೂಟರ್ ಒಂದು ಕ್ಷಣದಲ್ಲಿ ಮಾಡುವ ಲೆಕ್ಕ ಅದು. ಆದರೂ ಕೈಯಲ್ಲಿ ಮಾಡಿದ್ದಕ್ಕೇ ನನಗೆ ಇವತ್ತು ಒಂದು ಬೋರ್ಡ್ ನೋಡಿದರೆ ಗಾತ್ರದ ಅಂದಾಜು ಸಿಗುತ್ತದೆ.

ಎರಡನೆಯ ವರ್ಷ ಟ್ಯಾಂಕ್. ಉದ್ದನೆಯ ನೀರಿನ ತೊಟ್ಟಿ, ಮೇಲೆ ಹಳಿ, ಹಳಿಯ ಮೇಲೆ ಓಡುವ ಗಾಡಿ ಸಣ್ಣ ಮಾದರಿಯನ್ನು ಎಳೆದುಕೊಂಡು ಹೋಗುತ್ತದೆ. ಇದನ್ನು ಶುರು ಮಾಡಿದವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. ಅದೇ ದಕ್ಷಿಣ ದಡದ ಟಾರ್ಕೀಯಲ್ಲಿ 1872ರಲ್ಲಿ ಅವರ ತೊಟ್ಟಿ ಕೆಲಸ ಶುರು ಮಾಡಿತು. ಮಾದರಿ ನಾಲ್ಕರಲ್ಲಿ ಒಂದು ಭಾಗ ಉದ್ದವಿದ್ದರೆ, ವೇಗವನ್ನು ನಾಲ್ಕರಲ್ಲಿ ಒಂದಲ್ಲ, ಅರ್ಧಕ್ಕೆ ಇಳಿಸಬೇಕು. ವೇಗ ಹೋಗುವುದು ಉದ್ದದ ವರ್ಗಮೂಲದ ಲೆಕ್ಕದಲ್ಲಿ. ಹಾಗೆ ಮಾಡಿದರೆ ಸಣ್ಣ ಮಾದರಿ ಎಬ್ಬಿಸುವ ಅಲೆ ದೊಡ್ಡ ದೋಣಿಯ ಅಲೆಯ ಹಾಗೇ ಕಾಣುತ್ತದೆ. ಗಾಜಿನ ಪಕ್ಕ ಕೂತು ಅದನ್ನು ಕಣ್ಣಾರೆ ನೋಡಿದ ದಿನ ರಾತ್ರಿ ತಮ್ಮಲೆಗೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ.

ಇನ್ನು ಆ ಬೋರ್ಡಿನ ಕಥೆ. ಹತ್ತೂವರೆ ಅಡಿ ಉದ್ದ, ಗಾತ್ರ 170 ಲೀಟರ್. ಒಳಗೆ ಥರ್ಮಾಕೋಲ್ ಜಾತಿಯ ಇಪಿಎಸ್ ಫೋಮ್, ಹೊರಗೆ ಗಾಜಿನ ನಾರಿನಿಂದ ನೇಯ್ದ ಗ್ಲಾಸ್ ಬಟ್ಟೆ ಮತ್ತು ಅದನ್ನು ನೆನೆಸಿ ಗಟ್ಟಿಯಾಗುವ ಎಪಾಕ್ಸಿ ಎಂಬ ರೆಸಿನ್. ದೋಣಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಇಲ್ಲಿ ನಡೆಯುವುದಿಲ್ಲ. ಅದರಲ್ಲಿರುವ ಸ್ಟೈರೀನ್ ಎಂಬ ದ್ರವ ಈ ಫೋಮನ್ನು ಕರಗಿಸಿ ಗುಂಡಿ ಮಾಡಿಬಿಡುತ್ತದೆ. ನನ್ನ ಲೆಕ್ಕ ಹೀಗಿತ್ತು: ಫೋಮ್ 3 ಕೆಜಿ, ಬಟ್ಟೆ 1.3, ಬಟ್ಟೆ ನೆನೆಸುವ ರೆಸಿನ್ 1.3, ನೇಯ್ಗೆಯ ಸಂದು ತುಂಬುವ ಮೇಲಿನ ರೆಸಿನ್ ಪದರ 0.7, ಉಳಿದಂತೆ ಅಡಿಯ ರೆಕ್ಕೆ ಸಿಕ್ಕಿಸುವ ಫಿನ್ ಬಾಕ್ಸ್, ಹಿಡಿಕೆ, ಕಾಲಡಿಯ ಪ್ಯಾಡ್.

ಎರಡು ಕೆಜಿ ಜಾಸ್ತಿಯಾದರೆ ತೇಲುವುದಕ್ಕೇನೂ ಅಡ್ಡಿಯಿಲ್ಲ. 80 ಕೆಜಿಯ ಮನುಷ್ಯ ನಿಂತರೂ ಬೋರ್ಡಿನ ಅರ್ಧ ಗಾತ್ರ ಮಾತ್ರ ನೀರಿಗೆ ಇಳಿಯುತ್ತದೆ. ಆದರೆ ನಾನು ಅದನ್ನು ಯೋಚಿಸಿದ್ದು ನಮ್ಮೂರಿನ ಮಕ್ಕಳಿಗಾಗಿ. ಹನ್ನೆರಡು ವರ್ಷದ ಹುಡುಗಿ ರಸ್ತೆಯಿಂದ ಬಿಸಿ ಮರಳು ದಾಟಿ ತಾನೇ ಹೊತ್ತು ತರಬೇಕು, ನೀರಲ್ಲಿ ತಾನೇ ತಿರುಗಿಸಬೇಕು. ಅಲ್ಲಿ ಎರಡು ಕೆಜಿ ಅಂದರೆ ತುಂಬಾ ದೊಡ್ಡದು ಅಲ್ವಾ.

ಹಾಗಾಗಿ ಎರಡನೆಯ ಬೋರ್ಡ್ ಮಾಡಿದೆ, ಈ ಸಲ ಪ್ರತಿ ಹಂತದಲ್ಲೂ ತೂಗುತ್ತಾ. ಫೋಮ್ ಉಜ್ಜಿದ ಮೇಲೆ ಒಮ್ಮೆ. ಬಟ್ಟೆ ಕತ್ತರಿಸಿದ ಮೇಲೆ ಒಮ್ಮೆ. ಕಪ್ಪಿನಲ್ಲಿ ಕಲಸಿದ ರೆಸಿನ್ ಎಷ್ಟು, ಕಪ್ಪಿನಲ್ಲಿ ಉಳಿದದ್ದೆಷ್ಟು, ಸ್ಕ್ವೀಜಿ ಎಂಬ ಪಟ್ಟಿಯಿಂದ ಎಳೆದು ನೆಲಕ್ಕೆ ಬಿದ್ದದ್ದೆಷ್ಟು, ಅದೂ ಸಹ. ಕಳ್ಳ ಸಿಕ್ಕಿಬಿದ್ದ. ಬಟ್ಟೆ ನೆನೆಸುವ ಹಂತದಲ್ಲೇ ರೆಸಿನ್ ಎರಡು ಪಟ್ಟಿಗಿಂತ ಜಾಸ್ತಿ ಹೋಗುತ್ತಿತ್ತು. ಕಾರಣ ಎರಡು. ಚಳಿಗೆ ವರ್ಕ್‌ಶಾಪ್ 13 ಡಿಗ್ರಿ ಇತ್ತು, ಎಪಾಕ್ಸಿ ಜೇನುತುಪ್ಪದ ಹಾಗೆ ಮಂದವಾಗಿತ್ತು, ಎಷ್ಟು ಎಳೆದರೂ ಹೆಚ್ಚಿನದು ಹೊರಗೆ ಬರುತ್ತಿರಲಿಲ್ಲ. ಎರಡನೆಯದು, ಫೋಮಿನ ಮಣಿಗಳ ನಡುವಿನ ಸಂದುಗಳು ರೆಸಿನ್ ಕುಡಿಯುತ್ತಿದ್ದವು.

ಕೆಲಸ ನಿಲ್ಲಿಸಿ ಆ ಬಟ್ಟೆಯನ್ನು ಹಸಿಯಿರುವಾಗಲೇ ಕಿತ್ತು ಹಾಕಿದೆ. ಫೋಮಿಗೆ ಮೊದಲು ಹಗುರ ಫಿಲ್ಲರ್ ತೆಳ್ಳಗೆ ಬಳಿದು, ಒಣಗಿಸಿ, ಉಜ್ಜಿದೆ. ಗೋಡೆ ನುಣ್ಣಗಾಗಲು ಪುಟ್ಟಿ ಬಳಿಯುವ ಹಾಗೆ. ರೆಸಿನ್ ಡಬ್ಬವನ್ನು ಉಗುರುಬೆಚ್ಚಗಿನ ನೀರಿನ ಬಕೆಟ್‌ನಲ್ಲಿ ಇಟ್ಟೆ, ಕೋಣೆಗೆ ಹೀಟರ್ ಹಾಕಿಸಿದೆ. ಈಗ ರೆಸಿನ್ ನೀರಿನ ಹಾಗೆ ಬಟ್ಟೆಯೊಳಗೆ ಇಳಿಯಿತು. ಬಿಳಿ ಬಟ್ಟೆ ಕಣ್ಣೆದುರೇ ಗಾಜಿನಂತೆ ಪಾರದರ್ಶಕವಾಗುತ್ತದೆ, ಕೆಳಗಿನ ಪೆನ್ಸಿಲ್ ಗೆರೆ ಕಾಣುತ್ತದೆ. ಆಗ ಸಾಕು ಅಂತ ಅರ್ಥ. ಅದು ಹೊಳೆಯುತ್ತಿದ್ದರೆ ರೆಸಿನ್ ಜಾಸ್ತಿ, ಮೇಲೆ ನೇಯ್ಗೆಯ ಗೆರೆ ಸ್ವಲ್ಪ ಒರಟಾಗಿ ಕಂಡರೆ ಹದ ಸರಿ. ಆ ಬೋರ್ಡ್ 7.9ಕ್ಕೆ ನಿಂತಿತು.

ಓದು ಮುಗಿಸಿ ಊರಿಗೆ ಬಂದು ತಮ್ಮಲೆಯ ಶೆಡ್‌ನ ಒಂದು ಮೂಲೆ ಹಿಡಿದೆ. ಇಲ್ಲಿ ಸಮಸ್ಯೆ ಉಲ್ಟಾ. ಏಪ್ರಿಲ್ ಸೆಕೆಗೆ ಕಪ್ಪಿನಲ್ಲಿ ಬಿಟ್ಟ ಎಪಾಕ್ಸಿ ತಾನೇ ಬಿಸಿಯಾಗಿ ಹೊಗೆ ಬಿಟ್ಟಿತು. ಈಗ ಸ್ವಲ್ಪ ಸ್ವಲ್ಪವೇ ಕಲಸುತ್ತೇನೆ, ಕಲಸಿದ ತಕ್ಷಣ ಅಗಲವಾದ ತಟ್ಟೆಗೆ ಸುರಿಯುತ್ತೇನೆ, ನಿಧಾನವಾಗಿ ಗಟ್ಟಿಯಾಗಿಸುವ ಹಾರ್ಡ್‌ನರ್ ಬಳಸುತ್ತೇನೆ, ಕೆಲಸ ಬೆಳಿಗ್ಗೆ ಬೇಗ ಮುಗಿಸುತ್ತೇನೆ. ಮಳೆಗಾಲದಲ್ಲಿ ಎಪಾಕ್ಸಿ ಮೇಲೆ ಜಿಡ್ಡಿನ ಹಾಗೆ ಒಂದು ಪೊರೆ ಕಟ್ಟುತ್ತದೆ. ಅದನ್ನು ಬರೀ ನೀರಿನಿಂದ ತೊಳೆದು ಆಮೇಲೆ ಉಜ್ಜಬೇಕು. ಉಜ್ಜಿ ತೊಳೆದರೆ ಜಿಡ್ಡು ಒಳಗೇ ಸೇರಿಕೊಂಡು ಮುಂದಿನ ಪದರ ಹಿಡಿಯುವುದಿಲ್ಲ.

   

ಆದರೂ ನನ್ನ ಊರಿನ ಮೊದಲ ಬೋರ್ಡ್ ಕೆಟ್ಟಿತು. ಚೆಂದ ಕಾಣಲಿ ಎಂದು ಮೇಲೆ ಕಡುನೀಲಿ ಬಳಿದಿದ್ದೆ. ಸಸಿಹಿತ್ಲು ಮರಳಿನ ಮೇಲೆ ಮಧ್ಯಾಹ್ನ ಇಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಮಧ್ಯದಲ್ಲಿ ಪೂರಿ ಉಬ್ಬಿದ ಹಾಗೆ ಉಬ್ಬಿತ್ತು. ಒತ್ತಿದರೆ ಪುಸ್ ಎಂದು ಒಳಗೆ ಹೋಗಿ ಮತ್ತೆ ಮೇಲೇಳುತ್ತಿತ್ತು. ತಮ್ಮಲೆ ಬಗ್ಗಿ ಅದರ ಮೇಲೆ ಅಂಗೈ ಇಟ್ಟರು. "ಮಾರಾಯಾ, ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯೇ ಇಟ್ಟಿಲ್ಲವಲ್ಲ ನೀನು" ಎಂದರು. ಅದೇ ಸತ್ಯ. ಫೋಮಿನ ತುಂಬ ಗಾಳಿ. ಬಿಸಿಲಿಗೆ ಅದು ಹಿಗ್ಗಿ, ಮೆತ್ತಗಾದ ಫೋಮಿನಿಂದ ಚರ್ಮವನ್ನು ಎಬ್ಬಿಸಿತ್ತು. ಸೌತಾಂಪ್ಟನ್‌ನ ಬಿಸಿಲಿಗೆ ಈ ಪ್ರಶ್ನೆ ಏಳಲೇ ಇಲ್ಲ, ನಾನೂ ಯೋಚಿಸಲಿಲ್ಲ.

ರಿಪೇರಿ ಹೀಗೆ ಮಾಡಿದೆವು. ಉಬ್ಬಿನ ಎರಡು ತುದಿಗೆ ಸಣ್ಣ ತೂತು. ಒಂದರಿಂದ ಸಿರಿಂಜಿನಲ್ಲಿ ಎಪಾಕ್ಸಿ, ಇನ್ನೊಂದರಿಂದ ಗಾಳಿ ಹೊರಗೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮರಳಿನ ಚೀಲ, ಒಂದು ರಾತ್ರಿ. ಅವತ್ತಿನಿಂದ ನಮ್ಮ ಎಲ್ಲ ಬೋರ್ಡಿನ ಮೇಲ್ಭಾಗ ಬಿಳಿ, ಮತ್ತು ಎಲ್ಲದರಲ್ಲೂ ಗಾಳಿ ಬಿಟ್ಟು ನೀರು ತಡೆಯುವ ಸಣ್ಣ ವೆಂಟ್ ಪ್ಲಗ್ ಇರುತ್ತದೆ.

ಶೆಡ್‌ನ ಗೋಡೆಗೆ ಒಂದು ಪ್ಲೈವುಡ್ ಹಲಗೆ ಹೊಡೆದಿದ್ದೇವೆ. ಬೋರ್ಡಿನ ನಂಬರ್, ಫೋಮ್, ಬಟ್ಟೆ, ರೆಸಿನ್, ಕೊನೆಯ ತೂಕ ಅಂತ ಸಾಲು ಸಾಲು. ಮೊದಮೊದಲು ಬರೆಯುತ್ತಿದ್ದದ್ದು ನಾನು. ತಮ್ಮಲೆ ಮೂವತ್ತು ವರ್ಷ ಕಣ್ಣಳತೆಯಲ್ಲೇ ರೆಸಿನ್ ಕಲಸಿದವರು, ತಕ್ಕಡಿ ಮುಟ್ಟುತ್ತಿರಲಿಲ್ಲ. ಕಳೆದ ತಿಂಗಳು ಒಂದು ದಿನ ನಾನು ಬ್ಯಾಂಕಿನ ಕೆಲಸ ಮುಗಿಸಿ ಶೆಡ್‌ಗೆ ಬರುವಷ್ಟರಲ್ಲಿ ಹನ್ನೊಂದನೆಯ ಬೋರ್ಡಿನ ಕೆಳಭಾಗಕ್ಕೆ ಅವರೇ ಬಟ್ಟೆ ಹಾಕಿ ಮುಗಿಸಿದ್ದರು. ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಅವರ ಗುಂಡು ಅಕ್ಷರ: ಕಲಸಿದ್ದು 640 ಗ್ರಾಂ, ಉಳಿದದ್ದು 90. ಪಕ್ಕದಲ್ಲಿ ಸಣ್ಣದಾಗಿ ಇನ್ನೊಂದು ಸಾಲು. ಸೆಕೆ ಜಾಸ್ತಿ, ಏಳು ಗಂಟೆಗೇ ಮುಗಿಸಿದೆ.