ಹಳೆಯ ಸೆಸ್ನಾ ಕೊಳ್ಳುವ ಮುನ್ನ ನಾನು ನೋಡಿದ್ದು

ಸೆಕೆಂಡ್ ಹ್ಯಾಂಡ್ ವಿಮಾನದ ಜಾಹೀರಾತಿನಲ್ಲಿ ಎರಡು ಸಂಖ್ಯೆಗಳು ದೊಡ್ಡದಾಗಿ ಇರುತ್ತವೆ. ವಿಮಾನ ಒಟ್ಟು ಎಷ್ಟು ಗಂಟೆ ಹಾರಿದೆ ಎನ್ನುವುದು ಒಂದು, ಎಂಜಿನ್ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವುದು) ಆದ ಮೇಲೆ ಎಷ್ಟು ಗಂಟೆ ಓಡಿದೆ ಎನ್ನುವುದು ಇನ್ನೊಂದು. ಎರಡನೆಯದು ಕಡಿಮೆ ಇದ್ದಷ್ಟೂ ಬೆಲೆ ಏರುತ್ತದೆ. ಟೆಕ್ಸಸ್‌ನಲ್ಲಿ ನಾನೂ ನನ್ನ ಗೆಳೆಯನೂ ಪಾಲಿನಲ್ಲಿ ಒಂದು ಸೆಸ್ನಾ 172 (ಒಂದೇ ಎಂಜಿನ್ನಿನ, ನಾಲ್ಕು ಸೀಟಿನ ಸಣ್ಣ ವಿಮಾನ) ಕೊಳ್ಳಲು ಹೊರಟಾಗ ನಾನು ಮೊದಲು ವಿಚಾರಿಸುತ್ತಿದ್ದದ್ದು ಬೇರೆಯದನ್ನು: ಆ ಗಂಟೆಗಳು ಯಾವ್ಯಾವ ವರ್ಷ ಎಷ್ಟೆಷ್ಟು ಸೇರಿದವು?

ಕಾರಣ ಎಂಜಿನ್ನಿನೊಳಗೇ ಇದೆ. ನಾವು ನೋಡುತ್ತಿದ್ದ 172ಗಳಲ್ಲಿ ಬರುವ ಲೈಕಮಿಂಗ್ ಓ-320 ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇರುವುದು ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್‌ಗಿಂತ ಮೇಲೆ. ಎಂಜಿನ್ ನಿಂತಾಗ ಎಣ್ಣೆಯೆಲ್ಲ ಕೆಳಗಿಳಿಯುತ್ತದೆ. ತಿಂಗಳುಗಟ್ಟಲೆ ಹಾರದಿದ್ದರೆ ಆ ಶಾಫ್ಟಿನ ಉಬ್ಬುಗಳಾದ ಕ್ಯಾಮ್‌ಗಳ ಮೇಲಿದ್ದ ಎಣ್ಣೆಯ ಪದರ ಹೋಗಿ, ತೇವದ ಗಾಳಿ ತಾಗಿ, ಸಣ್ಣ ಸಣ್ಣ ತುಕ್ಕಿನ ಗುಳಿಗಳು ಬೀಳುತ್ತವೆ. ಆಮೇಲೆ ಯಾರೋ ಬಂದು ಸ್ಟಾರ್ಟ್ ಮಾಡಿ ಹಾರಿಸಿದಾಗ, ಆ ಗುಳಿಗಳಿಂದ ಶುರುವಾಗಿ ಕ್ಯಾಮ್ ಮತ್ತು ಅದಕ್ಕೆ ತಾಗಿ ಚಲಿಸುವ ಟ್ಯಾಪೆಟ್‌ಗಳ ಗಟ್ಟಿ ಮೇಲ್ಮೈ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಾಗಾಗಿ ವಾರವಾರ ಹಾರಿದ 1,500 ಗಂಟೆಯ ಎಂಜಿನ್ನನ್ನು ನಾನು ನಂಬುತ್ತೇನೆ, ಹದಿನೈದು ವರ್ಷದಲ್ಲಿ 300 ಗಂಟೆ ಮಾತ್ರ ಓಡಿದ್ದನ್ನು ನಂಬುವುದಿಲ್ಲ. ಲೈಕಮಿಂಗ್ ಕಂಪನಿಯೂ ಓವರ್‌ಹಾಲ್‌ಗೆ ಬರೀ ಗಂಟೆಯ ಲೆಕ್ಕ ಕೊಟ್ಟು ಸುಮ್ಮನಾಗಿಲ್ಲ. 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು ಎಂದಿದೆ. ಸ್ವಂತಕ್ಕೆ ಹಾರುವವರಿಗೆ ಇದು ಕಾನೂನಿನ ಕಡ್ಡಾಯವಲ್ಲ, ದಾಟಿ ಹಾರುವವರು ಬಹಳ. ಆದರೆ ಈಗ ಒಂದು ಓವರ್‌ಹಾಲ್‌ಗೆ ಸುಲಭವಾಗಿ 30,000 ಡಾಲರ್ ಬೇಕು. ಅಗ್ಗವಾಗಿ ಸಿಕ್ಕ ವಿಮಾನದ ಅರ್ಧ ಬೆಲೆ ಅಲ್ಲಿಗೇ ಹೋಗಬಹುದು.

ವಿಮಾನ ಹೀಗೆ ಹಾರದೆ ನಿಂತಿತ್ತೇ ಎಂದು ತಿಳಿಯಲು ಎಂಜಿನ್ ಬಿಚ್ಚಬೇಕಿಲ್ಲ, ಲಾಗ್‌ಬುಕ್ ಓದಿದರೆ ಸಾಕು. ವಿಮಾನದ ಮೈಗೆ ಒಂದು, ಎಂಜಿನ್‌ಗೆ ಒಂದು, ಪ್ರೊಪೆಲ್ಲರ್‌ಗೆ ಒಂದು ಪುಸ್ತಕ ಇರುತ್ತದೆ. ವರ್ಷಕ್ಕೊಮ್ಮೆ ಆಗಲೇಬೇಕಾದ ಆ್ಯನ್ಯುಯಲ್ ಇನ್‌ಸ್ಪೆಕ್ಷನ್ ಮುಗಿದಾಗ ಮೆಕ್ಯಾನಿಕ್ ತಾರೀಖಿನ ಪಕ್ಕದಲ್ಲಿ ಟ್ಯಾಕ್ ಮೀಟರಿನ (ಎಂಜಿನ್ ಓಟ ಎಣಿಸುವ ಮೀಟರ್) ಗಂಟೆ ಬರೆದು ಸಹಿ ಹಾಕುತ್ತಾನೆ. ನಾನು ಒಂದು ಹಾಳೆಯಲ್ಲಿ ವರ್ಷವಾರು ಆ ಗಂಟೆಗಳನ್ನು ಬರೆದುಕೊಂಡು ಒಂದರಿಂದೊಂದು ಕಳೆಯುತ್ತಿದ್ದೆ. ಸಮುದ್ರ ತೀರದ ಊರಿನಲ್ಲಿದ್ದ ಒಂದು ವಿಮಾನದ ಲೆಕ್ಕ ಹೀಗೆ ಬಂತು: 62, 55, 48, ಆಮೇಲೆ 4, 2, 0, 3, ಕೊನೆಗೆ ಮಾರಾಟಕ್ಕಿಟ್ಟ ವರ್ಷ 30. ಹೊಸ ಪೇಂಟು, ಹೊಸ ಸೀಟು, ಫಳಫಳ ಹೊಳೆಯುತ್ತಿತ್ತು. ಮಾಲೀಕರು ‘ಯಾವಾಗಲೂ ಹ್ಯಾಂಗರ್ ಒಳಗೇ ಇತ್ತು’ ಎಂದರು. ಅದು ನಿಜವೇ ಇರಬಹುದು. ಆದರೆ ಹ್ಯಾಂಗರ್ ಮಳೆ ಬಿಸಿಲು ತಡೆಯುತ್ತದೆ, ಕಡಲ ಗಾಳಿಯ ತೇವವನ್ನು ತಡೆಯುವುದಿಲ್ಲ. ನಾವು ಅದನ್ನು ಅಲ್ಲಿಗೇ ಬಿಟ್ಟೆವು.

ಲಾಗ್‌ಬುಕ್ಕಿನ ಜೊತೆಗೆ ಓಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ನೋಂದಣಿ ಕಚೇರಿಯಿಂದ ಆ ವಿಮಾನದ ಪೂರ್ತಿ ಕಡತ ತರಿಸಿಕೊಳ್ಳಿ. ಯಾರಿಂದ ಯಾರ ಕೈಗೆ ಬಂತು, ಬ್ಯಾಂಕಿನ ಸಾಲ ಬಾಕಿ ಇದೆಯೇ ಎನ್ನುವುದರ ಜೊತೆಗೆ, ದೊಡ್ಡ ರಿಪೇರಿ ಮತ್ತು ಮಾರ್ಪಾಟುಗಳ 337 ಫಾರಂಗಳೂ ಅದರಲ್ಲಿ ಸಿಗುತ್ತವೆ. ನಾನು ಇವನ್ನು ಲಾಗ್‌ಬುಕ್ ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಜಾಹೀರಾತಿನಲ್ಲಿ ‘ಡ್ಯಾಮೇಜ್ ಆಗಿಲ್ಲ’ ಎಂದಿದ್ದ ಒಂದು ವಿಮಾನದ ಕಡತದಲ್ಲಿ ರೆಕ್ಕೆಯ ದೊಡ್ಡ ರಿಪೇರಿಯ ಫಾರಂ ಇತ್ತು. ಪೆಟ್ಟು ತಿಂದು ಸರಿಯಾಗಿ ರಿಪೇರಿಯಾದ ವಿಮಾನವನ್ನು ನಾನು ಬೇಡ ಎನ್ನುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಉಳಿದ ಯಾವ ಮಾತನ್ನೂ ನಂಬಲು ಮನಸ್ಸು ಬರುವುದಿಲ್ಲ. ಅದೇ ರೀತಿ, ಕಾರಣ ಬರೆಯದೆ ‘ಪ್ರೊಪೆಲ್ಲರ್ ಬದಲಿಸಲಾಯಿತು’ ಎಂದು ಒಂದೇ ಸಾಲು ಇದ್ದರೆ ಏಕೆ ಎಂದು ಕೇಳಲೇಬೇಕು. ಪ್ರೊಪೆಲ್ಲರ್ ನೆಲಕ್ಕೆ ಬಡಿದಿದ್ದರೆ ಕ್ರ್ಯಾಂಕ್‌ಶಾಫ್ಟ್ ಹಿಂದಿನ ಗೇರನ್ನು ಬಿಚ್ಚಿ ನೋಡಬೇಕೆಂದು ಲೈಕಮಿಂಗ್ ಎಂಜಿನ್‌ಗಳಿಗೆ 2004-10-14 ಎಂಬ ಕಡ್ಡಾಯ ಆದೇಶವೇ ಇದೆ. ಅದು ಆಗಿದ್ದಕ್ಕೆ ಸಹಿ ಇರಬೇಕು.

ಎಫ್‌ಎಎ ಹೊರಡಿಸುವ ಇಂಥ ಕಡ್ಡಾಯ ಆದೇಶವನ್ನು ಇಲ್ಲಿ ಎಲ್ಲರೂ ಎಡಿ (ಏರ್‌ವರ್ದಿನೆಸ್ ಡೈರೆಕ್ಟಿವ್) ಎನ್ನುತ್ತಾರೆ. 172ಕ್ಕೆ ಇರುವ ಎಡಿಗಳಲ್ಲಿ ನನ್ನ ಕಣ್ಣಿಗೆ ಅತಿ ಮುಖ್ಯವಾದದ್ದು ಸೀಟಿನ ಹಳಿಯದ್ದು, 2011-10-09. ಸೀಟು ಹಿಂದೆ ಮುಂದೆ ಸರಿಯುವ ಹಳಿಯಲ್ಲಿ ಸಾಲು ತೂತುಗಳಿವೆ, ಸೀಟಿನ ಪಿನ್ನು ಅದರಲ್ಲಿ ಕೂರುತ್ತದೆ. ವರ್ಷಗಳಲ್ಲಿ ತೂತು ಸವೆದು ಉದ್ದುದ್ದವಾಗುತ್ತದೆ, ಪಿನ್ನು ಗಟ್ಟಿಯಾಗಿ ನಿಲ್ಲುವುದಿಲ್ಲ. ಟೇಕಾಫ್‌ನಲ್ಲಿ ಮೂತಿ ಮೇಲೆದ್ದ ಕ್ಷಣ ಸೀಟು ಹಿಂದಕ್ಕೆ ಜಾರಿದರೆ ಪೈಲಟ್ ಆಸರೆಗೆ ಕೈಲಿರುವ, ಸ್ಟೀರಿಂಗಿನಂಥ ಯೋಕನ್ನೇ ಎಳೆಯುತ್ತಾನೆ, ಮೂತಿ ಇನ್ನೂ ಏರುತ್ತದೆ. ಜನ ಸತ್ತಿದ್ದಾರೆ ಇದರಿಂದ. ಟಾರ್ಚ್ ಹಿಡಿದು ನೆಲಕ್ಕೆ ಬಗ್ಗಿ ಆ ತೂತುಗಳನ್ನು ಒಂದೊಂದಾಗಿ ನೋಡಿ, ಸೀಟಿನಲ್ಲಿ ಕೂತು ಜೋರಾಗಿ ಹಿಂದಕ್ಕೆ ಒತ್ತಿ. ಇದಕ್ಕೆ ಮೆಕ್ಯಾನಿಕ್ಕೇ ಬರಬೇಕೆಂದಿಲ್ಲ.

ನೀವೇ ನೋಡಬಹುದಾದದ್ದು ಇನ್ನೂ ಇದೆ. ಮೂಗಿನ ಚಕ್ರದ ಮೇಲೆ ಧೊಪ್ಪೆಂದು ಇಳಿಸಿದ್ದರೆ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯಾದ ಫೈರ್‌ವಾಲ್‌ನ ಕೆಳಭಾಗದ ತಗಡು ಸುಕ್ಕುಗಟ್ಟಿರುತ್ತದೆ. ರೆಕ್ಕೆ ದೇಹಕ್ಕೆ ಸೇರುವ ಕಡೆ ನೀಲಿ ಕಲೆ ಕಂಡರೆ ಪೆಟ್ರೋಲ್ ಒಸರುತ್ತಿದೆ; ಈ ವಿಮಾನಕ್ಕೆ ಹಾಕುವ 100 ಎಲ್‌ಎಲ್ ಇಂಧನದ ಬಣ್ಣವೇ ನೀಲಿ. ಪೇಂಟಿನ ಕೆಳಗೆ ಹುಳು ಹರಿದ ಹಾಗೆ ಉಬ್ಬಿದ ಗೆರೆಗಳಿದ್ದರೆ, ರಿವೆಟ್ ಸುತ್ತ ಬಿಳಿ ಪುಡಿ ಇದ್ದರೆ, ಅಲ್ಯುಮಿನಿಯಂ ತಿಂದುಹೋಗುತ್ತಿದೆ ಎಂದು ಅರ್ಥ. ಬಾಲದ ಒಳಗೆ ಇಲಿ ಗೂಡು ಕಟ್ಟಿದೆಯೇ ನೋಡಿ, ಇಲಿಯ ಮೂತ್ರ ತಗಡನ್ನು ಕೊರೆಯುತ್ತದೆ.

ಯಾವ ವರ್ಷದ 172 ಎಂಬುದೂ ಮುಖ್ಯ. 1968ರಿಂದ 1976ರವರೆಗಿನವಕ್ಕೆ 150 ಅಶ್ವಶಕ್ತಿಯ ಓ-320-ಇ2ಡಿ ಎಂಜಿನ್. 1977ರಲ್ಲಿ ಬಂದ 172 ಎನ್ ಮಾದರಿಗೆ 160 ಅಶ್ವಶಕ್ತಿಯ ಓ-320-ಎಚ್2ಎಡಿ ಹಾಕಿದರು. ಕ್ಯಾಮ್ ಮತ್ತು ಟ್ಯಾಪೆಟ್ ಸವೆತಕ್ಕೆ ಹೆಸರು ಕೆಡಿಸಿಕೊಂಡದ್ದು ಇದೇ. ಅದರ ಎಣ್ಣೆಗೆ ಲೈಕಮಿಂಗ್‌ನ ಒಂದು ವಿಶೇಷ ಅಡಿಟಿವ್ ಬೆರೆಸಲೇಬೇಕೆಂದು ಎಡಿ ಬಂತು. ಎಂಜಿನ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳು ಒಂದೇ ಶಾಫ್ಟಿನಿಂದ ತಿರುಗುವುದೂ ನನಗೆ ಒಪ್ಪಿಗೆಯಾಗಲಿಲ್ಲ. ಚೆನ್ನಾಗಿ ನೋಡಿಕೊಂಡರೆ ಎಚ್2ಎಡಿಯೂ ಬಾಳುತ್ತದೆ ಎನ್ನುವವರಿದ್ದಾರೆ, ಅವರ ಮಾತು ಸುಳ್ಳಲ್ಲ. ಅದರ ಟ್ಯಾಪೆಟ್‌ಗಳನ್ನು ಎಂಜಿನ್ ಸೀಳದೆ ಹೊರತೆಗೆದು ನೋಡಬಹುದು ಎಂಬ ಅನುಕೂಲವೂ ಇದೆ. ನಾವು ಮಾತ್ರ ಹಳೆಯ ಇ2ಡಿಯನ್ನೇ ಆರಿಸಿದೆವು.

ಇಷ್ಟೆಲ್ಲ ದಾಟಿದ ವಿಮಾನಕ್ಕೆ ಮಾತ್ರ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತಪಾಸಣೆ ಮಾಡಿಸಿ. ಆ ವಿಮಾನವನ್ನು ಹಿಂದೆಂದೂ ಮುಟ್ಟದವನೇ ಆಗಬೇಕು. ಪ್ರೀಬೈ ಎಂದು ಎಲ್ಲರೂ ಕರೆಯುವ ಈ ತಪಾಸಣೆಗೆ ಕಾನೂನಿನಲ್ಲಿ ವ್ಯಾಖ್ಯೆ ಇಲ್ಲ. ಏನೇನು ನೋಡಬೇಕೆಂದು ನೀವೇ ಬರೆದು ಕೊಡಬೇಕು, ದೋಷ ಸಿಕ್ಕರೆ ಖರ್ಚು ಯಾರದು ಎಂಬುದನ್ನು ಮಾರುವವರ ಜೊತೆ ಮೊದಲೇ ಕಾಗದದಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. ದೊಡ್ಡ ಖರ್ಚಿನ ಭಾಗಗಳಿಂದ ಶುರು ಮಾಡಿ, ದೊಡ್ಡ ದೋಷ ಕಂಡಲ್ಲೇ ನಿಲ್ಲಿಸಲು ನಾನು ಹೇಳಿದ್ದೆ.

ಕಂಪ್ರೆಷನ್ ಪರೀಕ್ಷೆಯ ಹೊತ್ತಿಗೆ ನಾನೂ ಪಕ್ಕದಲ್ಲಿ ನಿಂತಿದ್ದೆ. ಸಿಲಿಂಡರಿಗೆ 80 ಪಿಎಸ್‌ಐ ಒತ್ತಡದ ಗಾಳಿ ಬಿಟ್ಟು ಎಷ್ಟು ಉಳಿಯುತ್ತದೆ ಎಂದು ನೋಡುತ್ತಾರೆ. ಮೂರು ಸಿಲಿಂಡರು 70ರ ಮೇಲೆ ನಿಂತವು, ಒಂದು 66ಕ್ಕೆ ಇಳಿಯಿತು. ಅಂಕಿಗಿಂತ ಗಾಳಿ ಎಲ್ಲಿಂದ ಸೋರುತ್ತದೆ ಎಂಬುದು ಮುಖ್ಯ. ಎಗ್ಸಾಸ್ಟ್ ಕೊಳವೆಯಲ್ಲಿ ಸುಯ್ ಎಂದರೆ ಎಗ್ಸಾಸ್ಟ್ ವಾಲ್ವ್, ಕಾರ್ಬುರೇಟರಿನ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ಎಣ್ಣೆ ಹಾಕುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗು. ನಮ್ಮದು ಎಣ್ಣೆಯ ಬಾಯಲ್ಲಿ ಕೇಳಿತು. ಸಿಲಿಂಡರಿನೊಳಗೆ ಬೋರೋಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ ನೋಡಿದಾಗ ನಾಲ್ಕೂ ಎಗ್ಸಾಸ್ಟ್ ವಾಲ್ವ್‌ಗಳ ಮೇಲೆ ಕೆಂಗಂದು ಬಣ್ಣ ವೃತ್ತಾಕಾರವಾಗಿ, ಸಮವಾಗಿ ಹರಡಿತ್ತು. ಸುಡುತ್ತಿರುವ ವಾಲ್ವಿನಲ್ಲಿ ಅದು ಒಂದು ಕಡೆಗೆ ವಾಲುತ್ತದೆ, ಅಂಚು ಹಸಿರಾಗುತ್ತದೆ. ಎಣ್ಣೆ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ಮ್ಯಾಗ್ನೆಟ್ ಆಡಿಸಿದೆವು. ಉಕ್ಕಿನ ಚೂರು ಬಂದಿದ್ದರೆ ಕ್ಯಾಮ್ ನೋಡಲು ಒಂದು ಸಿಲಿಂಡರ್ ಬಿಚ್ಚಬೇಕಾಗುತ್ತಿತ್ತು. ಬರಲಿಲ್ಲ.

ಹಾರಿಸಿ ನೋಡುವುದು ಉಳಿದದ್ದಕ್ಕಿಂತ ಸುಲಭ. ರೇಡಿಯೊ, ಫ್ಲ್ಯಾಪ್, ಆಲ್ಟರ್ನೇಟರ್ ನೋಡಿದೆವು. 2020ರಿಂದ ಬಹಳ ಕಡೆ ಕಡ್ಡಾಯವಾಗಿರುವ ಎಡಿಎಸ್-ಬಿ (ವಿಮಾನ ಎಲ್ಲಿದೆ ಎಂದು ತಾನೇ ಸಾರುವ ಉಪಕರಣ) ಸರಿಯಾಗಿ ಸಂಕೇತ ಕಳಿಸುತ್ತಿದೆಯೇ ಎಂಬ ವರದಿಯನ್ನು ಎಫ್‌ಎಎ ಉಚಿತವಾಗಿ ಕೊಡುತ್ತದೆ, ಕೇಳಿ ಪಡೆಯಿರಿ. ಇನ್ಶೂರೆನ್ಸ್‌ಗೆ ಎಷ್ಟಾಗುತ್ತದೆ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಿ.

ನಮ್ಮ ಕನ್ನಡದವರಿಗೆ ವಿಶೇಷವಾಗಿ ಒಂದು ಮಾತು. ಅಮೆರಿಕದಲ್ಲಿ ಸ್ವಂತ ಹೆಸರಿನಲ್ಲಿ ವಿಮಾನ ನೋಂದಾಯಿಸಲು ಪೌರತ್ವ ಇರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿ ವೀಸಾದಲ್ಲಿದ್ದರೆ ಆಗುವುದಿಲ್ಲ, ಪಾಲುದಾರರಲ್ಲಿ ಒಬ್ಬರು ಹಾಗಿದ್ದರೂ ಆಗುವುದಿಲ್ಲ. ಗೆಳೆಯನ ಗ್ರೀನ್ ಕಾರ್ಡ್ ಬರುವವರೆಗೆ ನಾವು ಬರೀ ನೋಡುತ್ತಾ, ಲಾಗ್‌ಬುಕ್ ಓದುತ್ತಾ ಕಾದೆವು. ಆಮೇಲೆ ಹಣವನ್ನು ಎಸ್ಕ್ರೋ (ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಡುವ ಮಧ್ಯಸ್ಥರು) ಮೂಲಕವೇ ಕಳಿಸಿ, 8050-2 ಮಾರಾಟ ಪತ್ರ ಮತ್ತು 8050-1 ಅರ್ಜಿಯನ್ನು 5 ಡಾಲರ್ ಶುಲ್ಕದೊಂದಿಗೆ ಓಕ್ಲಹೋಮಾ ಸಿಟಿಗೆ ಹಾಕಿದೆವು. ಅರ್ಜಿಯ ಪ್ರತಿ ವಿಮಾನದಲ್ಲಿದ್ದರೆ ನೋಂದಣಿ ಪತ್ರ ಬರುವವರೆಗೆ ಅಮೆರಿಕದೊಳಗೆ ಹಾರಬಹುದು. ಲಾಗ್‌ಬುಕ್‌ಗಳನ್ನು ಮಾತ್ರ ವಿಮಾನದಲ್ಲಿ ಇಡಬೇಡಿ. ನಾವು ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ, ಮೂಲ ಪುಸ್ತಕಗಳನ್ನು ಮನೆಯ ಬೀರುವಿನಲ್ಲಿಟ್ಟಿದ್ದೇವೆ.