ಡಬ್ಬಿ ಖಾಲಿ ಕಳಿಸಬೇಡಿ: ನೆರೆಮನೆಯವರ ಜೊತೆ ನಂಬಿಕೆ ಹಂಚಿಕೊಳ್ಳುವುದು ಹೇಗೆ

ಬೆಟಗೇರಿಯ ನಮ್ಮ ಓಣಿಯಲ್ಲಿ ಕ್ರೈಸ್ತರದ್ದು ಅಂತ ಇರುವುದು ನಮ್ಮ ಮನೆ ಒಂದೇ. ಸುತ್ತ ನೇಕಾರರ ಮನೆಗಳು, ಬೆಳಗಾದರೆ ಮಗ್ಗದ ಸದ್ದು. ನಾನು ಮೂವತ್ತು ವರ್ಷ ನರ್ಸ್ ಆಗಿದ್ದೆ. ಬಾಸೆಲ್ ಮಿಷನ್ ಅನ್ನುವ ಯುರೋಪಿನ ಕ್ರೈಸ್ತ ಸಂಸ್ಥೆಯವರು 1902ರಲ್ಲಿ ಶುರು ಮಾಡಿದ ಆಸ್ಪತ್ರೆಯನ್ನು ಇಲ್ಲಿನ ಹಿರಿಯರು ಇವತ್ತಿಗೂ ಜರ್ಮನ್ ಆಸ್ಪತ್ರೆ ಅನ್ನುತ್ತಾರೆ. ತಮ್ಮ ಅಜ್ಜಿಗೆ ಅಲ್ಲಿ ಹೆರಿಗೆ ಮಾಡಿಸಿದ ಸಿಸ್ಟರ್ ಬಗ್ಗೆ ಮಾತಾಡುತ್ತಾರೆ. ಆ ಸಿಸ್ಟರ್ ಏನು ಬೋಧಿಸಿದರು ಅಂತ ಯಾರಿಗೂ ನೆನಪಿಲ್ಲ.

'ಆಂಟಿ, ಪಕ್ಕದ ಮನೆಯವರಿಗೆ ಯೇಸುವಿನ ಬಗ್ಗೆ ಹೇಗೆ ಹೇಳೋದು?' ಅಂತ ನಮ್ಮ ಸಭೆಯ ಹುಡುಗಿಯರು ಕೇಳುತ್ತಾರೆ.

ಮೊದಲು ಇಸ್ಕೊಳ್ಳೋದು ಕಲಿಯಿರಿ. ಯಾವಾಗಲೂ ನಾವೇ ಕೊಡುತ್ತಿದ್ದರೆ ಅದು ದಾನ ಆಗುತ್ತದೆ, ಗೆಳೆತನ ಆಗುವುದಿಲ್ಲ. ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿ. ರೊಟ್ಟಿ ತೆಳ್ಳಗೆ ಬಡಿಯುವುದನ್ನು ಕೂತು ಕಲಿಯಿರಿ. ಪಂಚಮಿಗೆ ಉಂಡಿ ಬಂದರೆ ಖುಷಿಯಿಂದ ತಗೊಳ್ಳಿ, ಡಬ್ಬಿ ಮಾತ್ರ ಖಾಲಿ ಕಳಿಸಬೇಡಿ. ಕ್ರಿಸ್ಮಸ್‌ಗೆ ಕೇಕ್ ಕೊಡುವುದಾದರೆ ಮೊಟ್ಟೆ ಹಾಕದ್ದು, ಬೇರೆ ಪಾತ್ರೆಯಲ್ಲಿ ಮಾಡಿದ್ದು ಕೊಡಿ. ಹಾಗಂತ ಬಾಗಿಲಲ್ಲೇ ಹೇಳಿ. ನಮ್ಮ ಅಡುಗೆಮನೆಯದ್ದು ತಿನ್ನದವರಿಗೆ ಬಾಳೆಹಣ್ಣು ಕೊಡಿ, ಬೇಸರ ಮಾಡಿಕೊಳ್ಳಬೇಡಿ.

ಎಡೆಯ ವಿಷಯ ಜಾಸ್ತಿ ಜನರನ್ನು ಕಾಡುತ್ತದೆ. ದೇವರಿಗೆ ಹಿಡಿದ ಎಡೆ ನಾನು ತಿನ್ನುವುದಿಲ್ಲ. ತಿನ್ನುವ ಕ್ರೈಸ್ತರೂ ಇದ್ದಾರೆ. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಇಂಥದ್ದರ ಬಗ್ಗೆಯೇ ಬರೆದಿದ್ದಾನೆ, ಓದಿ ನಿಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಿ. ಆದರೆ ನಗುತ್ತಾ ಇಸ್ಕೊಂಡು ಹಿತ್ತಲಲ್ಲಿ ಚೆಲ್ಲುವುದು ಬೇಡ. ಎದುರುಮನೆ ಅಕ್ಕನಿಗೆ ನಾನು ನೇರವಾಗಿ ಹೇಳಿದೆ. ಮುಂದಿನ ಯುಗಾದಿಗೆ ಅವರು ಸೆರಗಿನಲ್ಲಿ ತಟ್ಟೆ ಮುಚ್ಚಿಕೊಂಡು ಬಂದರು. ಹೋಳಿಗೆ ಇನ್ನೂ ಬಿಸಿ, ಮೇಲಿನ ತುಪ್ಪ ಅಂಚಿಗೆ ಹರಿಯುತ್ತಿತ್ತು. 'ಎಡಿ ಹಿಡಿಯೂಕಿಂತ ಮೊದ್ಲ ನಿಮ್ದು ತಗದಿಟ್ಟೇನ್ರಿ ಸಿಸ್ಟರ್' ಅಂದರು. ನನಗೆ ಕಣ್ಣು ತುಂಬಿತು. ನನ್ನ ನಂಬಿಕೆಗೆ ಅಷ್ಟು ಮರ್ಯಾದೆ ಕೊಟ್ಟವರ ದೇವರ ಬಗ್ಗೆ ಹಗುರವಾಗಿ ಮಾತಾಡಲು ಬಾಯಿ ಬರುತ್ತದೆಯೇ?

ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬೇಡಿ. ಓಣಿಯ ಒಬ್ಬಾಕೆಯ ಗಂಡ ಆಸ್ಪತ್ರೆ ಸೇರಿದಾಗ ಊಟ ಕಳಿಸಿದೆ, ಚೀಲದಲ್ಲಿ ಒಂದು ಕರಪತ್ರವನ್ನೂ ಇಟ್ಟೆ. ಡಬ್ಬಿ ತೊಳೆದು ವಾಪಸ್ ಬಂತು. ಒಳಗೆ ನಾಲ್ಕು ಮಡಿಕೆ ಮಾಡಿದ ಅದೇ ಕರಪತ್ರ, ಬೇರೇನೂ ಇಲ್ಲ. ಎಂಟು ತಿಂಗಳು ಆಕೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ನಾನು ಅನ್ನಕ್ಕೆ ಬೆಲೆ ಕೇಳಿದ ಹಾಗೆ ಆಗಿತ್ತು.

ಕಷ್ಟ ಬಂದ ಮನೆಗೆ ಗಂಜಿ ಒಯ್ಯಿರಿ, ಮಕ್ಕಳನ್ನು ಶಾಲೆಗೆ ಬಿಡಿ, ರಾತ್ರಿ ಆಸ್ಪತ್ರೆಯಲ್ಲಿ ಸುಮ್ನೆ ಜೊತೆಗೆ ಕೂರಿ. ದುಡ್ಡು, ಔಷಧಿ, ಫೀಸು ಕೊಡುವಾಗ ನಂಬಿಕೆಯ ಮಾತು ಸೇರಿಸಲೇಬೇಡಿ. ಸಂವಿಧಾನದ 25ನೇ ವಿಧಿ ನಮಗೆ ಧರ್ಮ ಪ್ರಚಾರದ ಹಕ್ಕು ಕೊಟ್ಟಿದೆ, ಅದೇ ವಿಧಿ ಎದುರಿಗಿರುವವರ ಮನಸ್ಸಾಕ್ಷಿಯನ್ನೂ ಕಾಯುತ್ತದೆ. ಅಪ್ಪ ಅಮ್ಮನನ್ನು ಕೇಳದೆ ಮಕ್ಕಳನ್ನು ಸಂಡೇ ಸ್ಕೂಲಿಗೆ ಕರೆದೊಯ್ಯಬೇಡಿ. ಪ್ರಾರ್ಥನೆಯನ್ನೂ ಕೇಳಿಯೇ ಮಾಡಿ. ಹೂಂ ಅಂದರೆ ಒಂದು ನಿಮಿಷ, ಮೆಲ್ಲಗೆ, ಮನೆಮಾತಿನಲ್ಲಿ. ಬೇಡ ಅಂದರೆ ನಿಮ್ಮ ಮನೆಗೆ ಬಂದು ಮಾಡಿ.

ಅವರಾಗಿ ಕೇಳುವ ದಿನ ಬಂದರೆ ಉತ್ತರ ತಯಾರಿರಲಿ. ಪೇತ್ರನೂ ತನ್ನ ಮೊದಲ ಪತ್ರದಲ್ಲಿ ಅದನ್ನೇ ಹೇಳುತ್ತಾನೆ, ಸೌಮ್ಯವಾಗಿ ಹೇಳಿ ಅಂತಲೂ ಸೇರಿಸುತ್ತಾನೆ. ಎದುರುಮನೆ ಅಕ್ಕ ತಾಯಿಯನ್ನು ಕಳೆದುಕೊಂಡ ವಾರ ಕೇಳಿದರು, 'ನಿಮ್ಮ ಮನಿಯವ್ರು ಹೋದಾಗ ನೀವ್ ಹ್ಯಾಂಗ ತಡಕೊಂಡ್ರಿ?' ಬೈಬಲಿನ ಇಪ್ಪತ್ತಮೂರನೇ ಕೀರ್ತನೆಯನ್ನು ನಾನು ಆ ದಿನಗಳಲ್ಲಿ ದಿನಾ ರಾತ್ರಿ ಹೇಳಿಕೊಳ್ಳುತ್ತಿದ್ದೆ ಅಂದೆ. ಹೇಳಿ ಅಂದರು. ಹೇಳಿದೆ.

ಅವರು ಈಗಲೂ ಸೋಮವಾರ ಗುಡಿಗೆ ಹೋಗುತ್ತಾರೆ. ಭಾನುವಾರ ನಾನು ಚರ್ಚಿನಿಂದ ಬರುವಾಗ ಕಟ್ಟೆಯ ಮೇಲೆ ಕೂತಿರುತ್ತಾರೆ. 'ಇವತ್ತೇನ್ ಓದಿದ್ರಿ ಸಿಸ್ಟರ್?' ಅನ್ನುತ್ತಾ ಚಹಾ ತರುತ್ತಾರೆ. ಅದು ಮುಗಿಯುವವರೆಗೆ ಹೇಳುತ್ತೇನೆ.